ಮನೆಯಲ್ಲೇ ಆದ ಗಾಯಗಳು

ನಮ್ಮ ಕಾರ್ಖಾನೆಯ ಸುರಕ್ಷತಾಧಿಕಾರಿ ಸಾಹೇಬರು ಮಲಗುವಾಗಲೂ ಹೆಲ್ಮೆಟ್ ತೆಗೆಯುವುದಿಲ್ಲವೆಂದು ಪ್ರತೀತಿ. ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲುವ ಮೊದಲೇ "ಯಾರ ತಪ್ಪಿದು? ಹೊಣೆ ಯಾರು?" ಎಂದು ಹಾಜರಾಗುತ್ತಾರೆ. ತಪ್ಪು ಯಾವಾಗಲೂ ಗಾಯಗೊಂಡವನದೇ. ಹಾಗಾಗಿ ಇಲ್ಲಿ ಯಾರಿಗೂ ಗಾಯವಾಗುವುದಿಲ್ಲ. ವೆಲ್ಡರ್ ಕೈ ಸುಟ್ಟುಕೊಳ್ಳುವುದು ಮನೆಯ ಒಲೆಯಲ್ಲಿ, ಫಿಟ್ಟರ್ ಬೆರಳು ಜಜ್ಜಿಕೊಳ್ಳುವುದು ಮನೆಯ ಬಾಗಿಲಲ್ಲಿ. "ನಿಮ್ಮ ಹೆಂಡ್ತಿ ಮಕ್ಳು ಆ ಮನೇಲಿ ಹೇಗಪ್ಪಾ ಬದುಕಿದ್ದಾರೆ!" ಎಂದು ಸಾಹೇಬರು ಮರುಗುತ್ತಾರೆ. ಮೊನ್ನೆ ಯಂತ್ರದಿಂದ ಸೋರಿದ ಎಣ್ಣೆಯ ಮೇಲೆ, ಎಲ್ಲರೆದುರೇ, ಅವರೇ ಜಾರಿ ದೊಪ್ಪನೆ ಬಿದ್ದರು. ನಾವು ಓಡಿ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡು, "ಏನಿಲ್ಲ, ಇದು ಬೆಳಗ್ಗೆ ಬಚ್ಚಲಲ್ಲಿ ಜಾರಿದ ನೋವು" ಎಂದರು. "ಹಾಗಾದ್ರೆ ನಿಮ್ಮ ಬಚ್ಚಲು ಒರೆಸ್ಲಾ ಸಾರ್?" ಎಂದ ಫಿಟ್ಟರ್, ನೆಲದ ಎಣ್ಣೆಯನ್ನೇ ನೋಡುತ್ತ. ಸಾಹೇಬರು ಕೂತಲ್ಲಿಂದ ಏಳಲಿಲ್ಲ. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಅವನ ಕೈಯ ಬ್ಯಾಂಡೇಜು ನೋಡುತ್ತ ಮೆಲ್ಲಗೆ ಕೇಳಿದರು: "ನಿನ್ನ ಬೆರಳು ನಿಜವಾಗ್ಲೂ ಎಲ್ಲಿ ಜಜ್ಜಿದ್ದು?"