ಅಕ್ಕನಿಗೆ ಮುಖ್ಯವಾದದ್ದು

ಮೊಮ್ಮಕ್ಕಳೇ, ಸಿಂಚನಾ, ಯಶಸ್, ನಮ್ಮ ಎದುರುಮನೆ ಅಕ್ಕ ನೆನಪಿದ್ದಾರಾ? ಅವರ ಕಿವಿಯ ಹಾಲೆಗಳು ಓಲೆಯ ಭಾರಕ್ಕೆ ಜಗ್ಗಿ ಸೀಳಿಹೋಗಿದ್ದವು. ಬೇಡ ಎಂದು ತಲೆಯಾಡಿಸಿದರೆ ಎರಡೂ ತೂಗುತ್ತಿದ್ದವು. ನೀವು ಅವರನ್ನು ಕಂಡದ್ದು ಕಡಿಮೆ. ನಮ್ಮೂರು ಕೋಗಿಲಿನಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿರುವ ಕಡೆ ಅವರ ರಾಗಿ ಹೊಲವಿತ್ತು.

ಲಗ್ನಪತ್ರಿಕೆ ಕೊಡಲು ಬಂದವರೆಲ್ಲ ‘ಮುಖ್ಯವಾಗಿ ಬರಬೇಕು’ ಎನ್ನುತ್ತಾರಲ್ಲ, ಅಕ್ಕ ಯಾರಿಗೂ ಹಾಗೆ ಹೇಳಿದವರಲ್ಲ. ಮೊಮ್ಮಗಳ ಮದುವೆಗೆ ಕರೆಯಲು ನಮ್ಮ ಬೀದಿಗೆ ಬಂದಾಗ ಅವರ ಮಗ ಹೇಳಿಕೊಟ್ಟ: “ಅಮ್ಮ, ಬರೀ ಬನ್ನಿ ಅಂದ್ರೆ ಚೆನ್ನಾಗಿರಲ್ಲ. ಮುಖ್ಯವಾಗಿ ಬನ್ನಿ ಅನ್ನು.”

“ಎಲ್ರೂ ಮುಖ್ಯ ಆದ್ರೆ ಬಡ್ಸೋರು ಯಾರ್ಲಾ?”

ಸಾರಿಗೆ ಉಪ್ಪು ಮರೆತರೂ, ಕರೆಂಟು ಹೋದರೂ, “ಅದೇನ್ ಮುಖ್ಯ, ಬುಡು” ಎನ್ನುವರು. ಹಾಗಾದರೆ ಇವರಿಗೆ ಮುಖ್ಯವಾದದ್ದು ಯಾವುದು? ಅವರ ಬಾಯಿಯನ್ನೇ ಗಮನಿಸುತ್ತಿದ್ದೆ. ಕೇಳಲು ನಾಚಿಕೆ.

ಆ ಮದುವೆಯ ಹೊತ್ತಿಗೆ ನಿಮ್ಮ ತಾತ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಕ್ಕನ ಮನೆಯಲ್ಲಿ ಮದುವೆಯ ಅರಿಶಿನ ಕುಟ್ಟುವಾಗ ಸೋಬಾನೆ ಪದ ಎತ್ತಿಕೊಡುತ್ತಿದ್ದವಳು ನಾನೇ. ಅಂದು ಒಳಗೆ ಹೋಗಲಿಲ್ಲ. ಚಪ್ಪರದ ಹೊರಗೆ, ನೀರಿನ ಡ್ರಮ್ಮಿನ ಹಿಂದೆ ನಿಂತೆ. ಇನ್ನು ಮೇಲೆ ನನ್ನ ಜಾಗ ಇದೇ ಇರಬೇಕು ಅಂದುಕೊಂಡೆ.

ಒನಕೆ ಎತ್ತಿದವರನ್ನು ಅಕ್ಕ ತಡೆದರು. “ಪದ ಏಳೋಳು ಎಲ್ಲಿ?”

“ಅವ್ಳು ಬರಂಗಿಲ್ಲ ಕಣತ್ತಿಗೆ. ಮುತ್ತೈದೇರ ಶಾಸ್ತ್ರ ಅಲ್ವಾ ಇದು,” ಎಂದರು ಅವರ ನಾದಿನಿ.

“ಹಂಗಾರೆ ನೀನ್ ಏಳ್ತೀಯಾ? ನಿನ್ ಗಂಟ್ಲು ಕೇಳಿ ಹೆಣ್ಣು ಓಡೋದಾತು.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹೊರಗೆ ಬಂದು ನನ್ನ ಮೊಣಕೈ ಹಿಡಿದರು.

“ನಡಿ ಒಳೀಕೆ. ನೀನು ಮುಖ್ಯ ಕಣಮ್ಮ.”

ಮೊದಲ ಸಾಲು ಒಡೆದ ದನಿಯಲ್ಲಿ ಬಂತು. ಎರಡನೆಯದಕ್ಕೆ ಒನಕೆಗಳು ಸೇರಿದವು. ಪದ ಮುಗಿದಾಗ ಆ ನಾದಿನಿಯೇ ಲೋಟದಲ್ಲಿ ನೀರು ತಂದುಕೊಟ್ಟರು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ‘ನೀನು ಮುಖ್ಯ’ ಎಂಬ ಆ ಮಾತನ್ನು ಅವರು ಇನ್ಯಾರಿಗಾದರೂ ಹೇಳಿದ್ದರೋ ಏನೋ, ಈಗಲೂ ತಿಳಿಯುವ ಆಸೆ. ಅಂದಿನಿಂದ ಯಾರ ಚಪ್ಪರಕ್ಕೆ ಹೋದರೂ ನಾನು ಒಳಗೇ ಕೂರುತ್ತೇನೆ, ಹಾಡುತ್ತೇನೆ. ಆ ಸೋಬಾನೆ ಪದಗಳನ್ನೆಲ್ಲ ಈ ಪತ್ರದ ಹಿಂದಿನ ಹಾಳೆಗಳಲ್ಲಿ ಬರೆದಿದ್ದೇನೆ. ರಾಗ ಬರೆಯಲು ನನಗೆ ಬರುವುದಿಲ್ಲ, ಅದನ್ನು ಬಂದು ಕೇಳಿಸಿಕೊಳ್ಳಿ. ಹಾಳೆಗಳನ್ನು ಮಾತ್ರ ಹಳೇ ಪೇಪರಿನ ಜೊತೆ ಹಾಕದೆ ಜೋಪಾನವಾಗಿ ಇಟ್ಟುಕೊಂಡಿರಿ, ಮಕ್ಕಳೇ.