ಕೀಲಿ ಹಾಕಿದ ಮನೆಯಲ್ಲಿ ಕೇಳಿದ ಮಾತು

ದೆವ್ವ, ಭೂತ ಎಂದರೆ ನಗುತ್ತಿದ್ದವನು ನಾನು. ಮಾಸ್ತರಿಕೆಯ ಜಂಬ ಬೇರೆ. ಅದನ್ನೆಲ್ಲ ನಂಬುತ್ತೇನೆಂದು ಇವತ್ತಿಗೂ ಹೇಳಲಾರೆ. ಆದರೆ ಎಪ್ಪತ್ತರ ದಶಕದಲ್ಲಿ ಝಳಕಿಯಲ್ಲಿ ನಡೆದ ಒಂದು ಸಂಗತಿ ನೆನಪಾದರೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗುತ್ತದೆ. ಅದಕ್ಕೇ ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಆಗ ಹೆಂಡತಿ ಎರಡನೆಯ ಹೆರಿಗೆಗೆಂದು ಮುದ್ದೇಬಿಹಾಳದ ತವರಿಗೆ ಹೋಗಿದ್ದಳು. ಮಗಳು ನೀಲಾ ಒಂದನೇ ಇಯತ್ತೆಯಲ್ಲಿದ್ದಳು. ಮಾಸ್ತರನ ಮಗಳೇ ಶಾಲೆ ಬಿಟ್ಟರೆ ಹೇಗೆ ಎಂದು ಹಟ ಹಿಡಿದು ಅವಳನ್ನು ನನ್ನ ಬಳಿಯೇ ಇರಿಸಿಕೊಂಡೆ. ಮಲಗುವಾಗ ತಾಯಿಯ ಸೆರಗು ಹಿಡಿದು ಅಂದಿನ ಸುದ್ದಿಯನ್ನೆಲ್ಲ ಒಪ್ಪಿಸುವುದು ಅವಳ ರೂಢಿ. ಪೆನ್ಸಿಲು ಯಾರು ಕದ್ದರು, ಯಾರ ಹಲ್ಲು ಬಿತ್ತು, ಎಲ್ಲ. ಹೆಂಡತಿ ಅರ್ಧ ನಿದ್ದೆಯಲ್ಲೂ ಹೂಂಗುಟ್ಟುತ್ತಿದ್ದಳು. ಮಕ್ಕಳು ಕೆಡುವುದೇ ಹೀಗೆ ಎಂದು ನಾನು ಗೊಣಗುತ್ತಿದ್ದೆ. ತಾಯಿ ಹೋದ ಮೇಲೆ ಅವಳು ನನ್ನ ಮಗ್ಗುಲಿಗೆ ಬಂದು, "ಅಪ್ಪಾ, ಒಂದ ಮಾತ ಹೇಳ್ಲಿ?" ಎಂದರೆ, "ಸುಮ್ನ ಮಕ್ಕೋ" ಎಂದು ಗದರುತ್ತಿದ್ದೆ.

ನಾಲ್ಕೈದು ದಿನಕ್ಕೆ ಹುಡುಗಿ ಹಾಸಿಗೆ ಒದ್ದೆ ಮಾಡತೊಡಗಿದಳು. ನಾನೇನು ಮಾಡಿದೆನೆಂದು ಬರೆಯಲು ಕೈ ಏಳುವುದಿಲ್ಲ. ಒದ್ದೆ ಕೌದಿಯನ್ನು ಹಿತ್ತಲಿನಲ್ಲಿ ಹಾಕುವುದು ಬಿಟ್ಟು, ಶಾಲೆಗೆ ಹೋಗುವ ಮಕ್ಕಳ ಕಣ್ಣಿಗೆ ಬೀಳಲೆಂದು ಮುಂಬಾಗಿಲ ಕಟ್ಟೆಯ ಮೇಲೆ, ಅವಳ ಕೈಯಿಂದಲೇ ಒಣಹಾಕಿಸಿದೆ. ನಾಚಿಕೆಯಾದರೆ ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ನಡೆದಳು.

ಅಂದು ಸಂಜೆ ಬೇಗ ಉಣಿಸಿ ಮಲಗಿಸಿ, ಹೊರಗಿನಿಂದ ಕೀಲಿ ಹಾಕಿಕೊಂಡು ರಸ್ತೆಯ ಮೇಲಿನ ಚಹಾದಂಗಡಿಗೆ ಹರಟೆಗೆ ಹೋದೆ. ಹಾಗೆ ಹೋಗಿದ್ದು ಅದೇ ಮೊದಲಲ್ಲ. ಎರಡು ತಾಸಿನ ಮೇಲೆ ಬಂದಾಗ ಕೀಲಿ ಹಾಕಿದಂತೆಯೇ ಇತ್ತು. ಮಗಳು ಗಾಢ ನಿದ್ದೆಯಲ್ಲಿದ್ದಳು. ಬೆಳಗ್ಗೆ ನೋಡಿದರೆ ಕೌದಿ ಒದ್ದೆಯಾಗಿರಲಿಲ್ಲ.

ಹಲ್ಲುಜ್ಜುತ್ತ ಅವಳು ಕೇಳಿದಳು: "ಅಪ್ಪಾ, ನಿಮ್ಮ ಮನ್ಯಾಗ ಬೆಕ್ಕ ಇರಲಿಲ್ಲಂದ್ರ, ನಿಮ್ಮವ್ವ ಯಾಕ ಬೆಕ್ಕಿನ ಹೆಸರ ಹೇಳ್ತಿದ್ಲು?"

"ಯಾರ ಹೇಳಿದ್ರು ನಿನಗ ಇದನ್ನ?"

"ನೀನ ಹೇಳಿದೆಲ್ಲಾ, ರಾತ್ರಿ. ತೆಲಿ ಸವರಕೋತ. ದೊಡ್ಡಾಕಿ ಆದಮ್ಯಾಲ ಬಿಟ್ಟ ಹೋಗತೈತಿ ಅಂದಿ. ನಾಳಿ ಕೌದಿ ಹಿತ್ತಲದಾಗ ಹಾಕೋಣು ಅಂದಿ."

ನನ್ನ ಹುಟ್ಟೂರು ಕನ್ನೊಳ್ಳಿಯಲ್ಲಿ ಒಂಬತ್ತು ವರ್ಷದವನಾಗುವವರೆಗೂ ನಾನು ಹಾಸಿಗೆ ಒದ್ದೆ ಮಾಡುತ್ತಿದ್ದೆ. ಅವ್ವ ನಸುಕಿನಲ್ಲೇ ಕೌದಿ ತೊಳೆದು, ಕೇಳಿದವರಿಗೆಲ್ಲ ಬೆಕ್ಕು ಮಾಡಿತು ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ನಿಜ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅವ್ವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ಹೆಂಡತಿಗೂ ನಾನು ಇದನ್ನು ಹೇಳಿರಲಿಲ್ಲ.

ಹುಡುಗಿ ಏನೋ ಕನಸು ಕಂಡಿರಬೇಕು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಗೋಡೆಯಾಚೆಯ ಮನೆಯ ಮುದುಕಿ ಗಂಗವ್ವ ಕೊಡ ಹಿಡಿದು ಬಂದಳು.

"ಮಾಸ್ತರ್ರ, ರಾತ್ರಿ ಮಗಳ ಜೋಡಿ ಭಾಳ ಹೊತ್ತ ಮಾತಾಡಿದ್ರಿ. ನಿಮ್ಮ ಧ್ವನಿ ಇಷ್ಟ ಮೆತ್ತಗ ಐತಿ ಅಂತ ನನಗ ಗೊತ್ತಿರಲಿಲ್ಲರಿ. ಕೇಳಿ ಸಮಾಧಾನ ಆತು."

ನಾನು ಮನೆಯಲ್ಲೇ ಇರಲಿಲ್ಲ ಎನ್ನಬೇಕಿತ್ತು. ಹಾಗೆ ಹೇಳಿದರೆ, ಎಳೆಯ ಮಗುವನ್ನು ಒಳಗೆ ಕೂಡಿಹಾಕಿ ಹೋಗಿದ್ದೆನೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. "ಹೌದ್ರಿ" ಎಂದುಬಿಟ್ಟೆ. ಮಗಳು ನನ್ನ ಕಾಲನ್ನು ತಬ್ಬಿಕೊಂಡು ನಿಂತಿದ್ದಳು.

ಅಂದಿನಿಂದ ಸಂಜೆ ಹೊರಗೆ ಹೋಗುವುದನ್ನು ಬಿಟ್ಟೆ. ಅವಳ ಪಕ್ಕದಲ್ಲಿ ಕೂತು ಮಾತಾಡಲು ನೋಡಿದೆ. ಗಂಗವ್ವ ಹೇಳಿದ ಆ ಮೆತ್ತನೆಯ ಧ್ವನಿ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಆವತ್ತಿನ ಹಂಗ ಮಾತಾಡ ಅಪ್ಪಾ" ಎನ್ನುತ್ತಿದ್ದಳು. ಆವತ್ತು ಹೇಗೆ ಮಾತಾಡಿದ್ದೆನೆಂದು ನನಗೆ ಗೊತ್ತಿದ್ದರೆ ತಾನೆ.

ನೀಲಾಳಿಗೆ ಈಗ ಇಬ್ಬರು ಮಕ್ಕಳು. ಬಸವನ ಬಾಗೇವಾಡಿಯಿಂದ ಬಂದಾಗಲೆಲ್ಲ ಅವರನ್ನು ಮಲಗಿಸುತ್ತ ಆ ರಾತ್ರಿಯ ಕಥೆ ಹೇಳುತ್ತಾಳೆ. "ನಿಮ್ಮ ಅಜ್ಜ ಎಲ್ಲಾರಿಗೂ ಸಿಟ್ಟಿನ ಮನಶ್ಯಾ. ನನಗ ಅಲ್ಲ" ಎನ್ನುತ್ತಾಳೆ. ಯಾರು ಬಂದಿದ್ದರೋ ನನಗೆ ಇಂದಿಗೂ ತಿಳಿಯದು. ಮಗಳು ನನ್ನ ಮೇಲೆ ಇಟ್ಟಿರುವ ಪ್ರೀತಿ ಬಹುಪಾಲು ಆ ಒಂದು ರಾತ್ರಿಯದು. ಅದು ನಾನಲ್ಲ ಎಂದು ಹೇಳಲು ಪ್ರತಿಸಲವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವಳು ಬಂದು ನನ್ನ ಕಾಲೊತ್ತಲು ಕೂಡುತ್ತಾಳೆ. ನಾನು ಕಾಲು ಚಾಚುತ್ತೇನೆ.