ನೆಂಟರ ನೀರಿಗೆ ಬೇರೆ

ಬೆಂಗಳೂರಿಗೆ ವರ್ಗವಾಗಿದೆ. ಮನೆ ಬಾಡಿಗೆ, ಖರ್ಚುವೆಚ್ಚ ವಿಚಾರಿಸಲು ಚನ್ನಗಿರಿಯಿಂದ ಅಕ್ಕನನ್ನೂ ಕರೆದುಕೊಂಡು ಬಂದೆ. ನೋಡಲು ಹೋದ ಮನೆಯ ಮಾಲೀಕರು ಬಾಡಿಗೆ, ಅಡ್ವಾನ್ಸ್ ಹೇಳಿದರು. ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡೆ. ಕೊನೆಗೆ, "ನೆಂಟರು ಬಂದು ಉಳಿದರೆ ನೀರಿಗೆ ತಲೆಗಿಷ್ಟು ಅಂತ ಬೇರೆ" ಎಂದರು.

ಮೈ ಉರಿದುಹೋಯಿತು. ದಾರಿ ಕೇಳಲು ನಿಂತವರಿಗೂ ಬೆಲ್ಲ, ನೀರು ಕೊಟ್ಟೇ ಕಳಿಸುವ ಮನೆ ನಮ್ಮದು.

ಅಕ್ಕ ಸುಮ್ಮನಿರಲಿಲ್ಲ. "ನನ್ ತಮ್ಮನ ಮನಿಗೆ ನಾನು ಬರಾಕೆ ನಿಮಗ್ಯಾಕ್ರೀ ರೊಕ್ಕ?"

"ಇಲ್ಲಿ ಎಲ್ಲ ಕಡೆ ಹಿಂಗೇ ಅಮ್ಮ" ಎಂದ ಮಾಲೀಕರು ನಗುತ್ತಲೇ ಒಳಗೆ ಹೋಗಿ, ನಮಗೆ ಎರಡು ಲೋಟ ನೀರು ತಂದಿಟ್ಟರು.

ಬಸ್ಸಿಳಿದಾಗಿನಿಂದ ನನಗೆ ಗಂಟಲು ಒಣಗಿತ್ತು. ಲೋಟಕ್ಕೆ ಕೈ ಹಾಕಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು, ಮಾಲೀಕರಿಗೆ ಕೇಳುವಂತೆಯೇ ಹೇಳಿದಳು:

"ಕುಡೀಬ್ಯಾಡೋ. ಈಗ ನಾವೂ ನೆಂಟ್ರೇ."